ಖಾಲಾಳ ಲೋಟ, ಆಯಿಷಾಳ ಸಂಬಳ



ಈ ತಿಂಗಳು ನಿಮ್ಮೊಂದಿಗೆ ಒಂದು ಸಿನಿಮಾದ ಬಗ್ಗೆ ಮಾತಾಡಬೇಕೆಂದಿದ್ದೇನೆ. ಈ ಪುಟದಲ್ಲಿ ಸಿನಿಮಾ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಪತ್ರವನ್ನೂ ಬರೆಯುವಿರಿ. ಬರೆಯಿರಿ, ಓದುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೋಡಿ ಎಂದು ನಾನು ಯಾರಿಗೂ ಶಿಫಾರಸು ಮಾಡುತ್ತಿಲ್ಲ. ಮನೆಮಂದಿಯೆಲ್ಲ ಕುಳಿತು ನೋಡುವಂಥದ್ದಲ್ಲ ಅದು. ಬೆಂಗಳೂರಿನಲ್ಲಿ ಓದುವ ನನ್ನ ಮಗಳು ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಕುಳಿತಿದ್ದಳು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದೆ. "ಅಮ್ಮೀ, ಇದರಲ್ಲಿ ಹುಡುಗಿಯ ಹೆಸರು ಆಯಿಷಾ" ಎಂದಳು. ತಲೆ ಎತ್ತಿದೆ. ಆಮೇಲೆ ಅಕ್ಕಿ ಹಾಗೆಯೇ ಉಳಿಯಿತು.

ಸಿನಿಮಾದ ಹೆಸರು 'ನ್ಯಾನಿ'. ಅಂದರೆ ಮಗು ನೋಡಿಕೊಳ್ಳುವ ಆಯಾ. 2022ರದ್ದು. ಮಾಡಿದಾಕೆ ನಿಕ್ಯಾಟು ಜುಸು. ಆಕೆಯ ತಂದೆತಾಯಿ ಆಫ್ರಿಕಾದ ಸಿಯೆರಾ ಲಿಯೋನ್‌ನಿಂದ ಅಮೆರಿಕಕ್ಕೆ ಹೋದವರು, ತಾಯಿ ಅಲ್ಲಿ ಬೇರೆಯವರ ಮನೆಗಳಲ್ಲಿ ದುಡಿದವರು. ಆ ವರ್ಷ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ದೊಡ್ಡ ಬಹುಮಾನ ಬಂತು. ಆಯಿಷಾಳ ಪಾತ್ರ ಮಾಡಿರುವ ಆನಾ ಡಿಯೋಪ್ ಸೆನೆಗಲ್‌ನಲ್ಲೇ ಹುಟ್ಟಿದವಳು.

ಇದನ್ನು ಭಯದ ಸಿನಿಮಾ ಎನ್ನುತ್ತಾರೆ. ಆದರೆ ಇದರಲ್ಲಿ ದೆವ್ವ ಬಂದು ಬಾಗಿಲು ಬಡಿಯುವುದಿಲ್ಲ. ಕಿರುಚಾಟವೂ ಹೆಚ್ಚಿಲ್ಲ. ಕೆಂಡದ ಮೇಲಿಟ್ಟ ಹಾಲಿನಂತೆ, ಉಕ್ಕುವುದು ಯಾವಾಗ ಎಂದು ಕಾಯುತ್ತಲೇ ಇರುತ್ತೀರಿ. ಆಯಿಷಾ ಸೆನೆಗಲ್‌ನಿಂದ ನ್ಯೂಯಾರ್ಕ್‌ಗೆ ಬಂದವಳು. ಊರಲ್ಲಿ ಶಿಕ್ಷಕಿಯಾಗಿದ್ದವಳು. ಇದು ಗೊತ್ತಾದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಬಂದಿರುವುದು ಒಬ್ಬ ಶ್ರೀಮಂತ ಬಿಳಿಯ ದಂಪತಿಯ ಮಗಳನ್ನು ನೋಡಿಕೊಳ್ಳಲು. ತನ್ನ ಸ್ವಂತ ಮಗನನ್ನು ಊರಲ್ಲೇ ಬಿಟ್ಟು ಬಂದಿದ್ದಾಳೆ. ದುಡ್ಡು ಕೂಡಿಸಿ ಅವನನ್ನು ಕರೆಸಿಕೊಳ್ಳಬೇಕು, ಅದೊಂದೇ ಗುರಿ. ಮಗನ ಹೆಸರು ಲಮೀನ್. ಅಲ್-ಅಮೀನ್ ಎಂಬ ಹೆಸರೇ ಪಶ್ಚಿಮ ಆಫ್ರಿಕಾದವರ ನಾಲಗೆಯಲ್ಲಿ ಲಮೀನ್ ಆಗಿರುವುದು. ಸೆನೆಗಲ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಆ ಕಟ್ಟಡದ ಬಾಗಿಲು ಕಾಯುವ ಕರಿಯ ಯುವಕನ ಹೆಸರು ಮಲಿಕ್. ನಾವು ಅದನ್ನು ಹೇಗೆ ಉಚ್ಚರಿಸುತ್ತೇವೆ ಎಂಬುದರ ಮೇಲೆ ಅರ್ಥ ಅರಸ ಎಂದೂ ಆಗಬಹುದು, ಒಡೆಯ ಎಂದೂ ಆಗಬಹುದು. ಬಾಗಿಲು ಕಾಯುವವನಿಗೆ!

ಮನೆಯೊಡತಿ ಕೆಟ್ಟವಳಲ್ಲ. ಇದನ್ನು ಗಮನಿಸಬೇಕು. ಬೈಯುವುದಿಲ್ಲ, ಹೊಡೆಯುವುದಿಲ್ಲ. ಮೊದಲ ದಿನವೇ ಮಗುವಿನ ಊಟ, ನಿದ್ದೆ, ಫೋನ್ ನಂಬರುಗಳನ್ನೆಲ್ಲ ಬರೆದ ದಪ್ಪ ಕಡತ ಕೈಗಿಡುತ್ತಾಳೆ. ತನ್ನದೇ ಉಡುಪನ್ನು ಆಯಿಷಾಳಿಗೆ ತೊಡಿಸಿ ಮೈಬಣ್ಣಕ್ಕೆ ಒಪ್ಪುತ್ತದೆ ಎಂದು ಮೆಚ್ಚುತ್ತಾಳೆ. ರಾತ್ರಿ ಇಲ್ಲೇ ಇರು ಎನ್ನುತ್ತಾಳೆ, ಕೋಣೆ ಕೊಡುತ್ತಾಳೆ. ಆದರೆ ಆ ಹೆಚ್ಚಿನ ರಾತ್ರಿಗಳ ದುಡ್ಡು ಮಾತ್ರ ಬರುವುದಿಲ್ಲ. ಈ ವಾರ ಮರೆತೆ, ಮುಂದಿನ ವಾರ ನೋಡೋಣ. ಆಯಿಷಾ ತಾನು ದುಡಿದ ಗಂಟೆಗಳನ್ನು ಬರೆದಿಟ್ಟುಕೊಳ್ಳುತ್ತಾಳೆ. ಕೇಳಿದರೆ ಒಡತಿಯ ಮುಖ ಬಾಡುತ್ತದೆ. ಇಷ್ಟು ಪ್ರೀತಿಯಿಂದ ಇಟ್ಟುಕೊಂಡಿರುವಾಗ ಲೆಕ್ಕ ಕೇಳುತ್ತೀಯಾ ಎನ್ನುವಂತೆ. ಗಂಡ ಪತ್ರಿಕೆಗಳಿಗೆ ಫೋಟೋ ತೆಗೆಯುವವನು, ಬಡ ದೇಶಗಳ ಗಲಭೆ-ಸಂಕಟಗಳ ಚಿತ್ರಗಳನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾನೆ. ಗೋಡೆಯ ಮೇಲಿನ ಕರಿಯರ ದುಃಖ ಅವರಿಗೆ ಅರ್ಥವಾಗುತ್ತದೆ. ಅಡುಗೆ ಮನೆಯಲ್ಲಿ ನಿಂತಿರುವವಳದ್ದು ಆಗುವುದಿಲ್ಲ.

ಮಗು ತಾಯಿ ಮಾಡಿಟ್ಟ ಸಪ್ಪೆ ಊಟ ಬಿಟ್ಟು ಆಯಿಷಾ ತನಗಾಗಿ ತಂದ ಖಾರದ ಜೋಲೋಫ್ ಅನ್ನ ತಿನ್ನುತ್ತದೆ. ಅದಕ್ಕೂ ಒಡತಿಗೆ ಅಸಮಾಧಾನ. ಜೋಲೋಫ್ ಎಂದರೆ ಟೊಮೆಟೊ, ಮೆಣಸಿನಕಾಯಿ ಹಾಕಿ ಒಂದೇ ಪಾತ್ರೆಯಲ್ಲಿ ಮಾಡುವ ಅನ್ನ, ನಮ್ಮ ಟೊಮೆಟೊ ಬಾತಿನ ದೂರದ ಸಂಬಂಧಿ ಎನ್ನಿ. ಇತ್ತ ಫೋನಿನಲ್ಲಿ ಲಮೀನ್ ಯಾವಾಗ ಕರೆಸುತ್ತೀ ಎಂದು ಕೇಳುತ್ತಲೇ ಇದ್ದಾನೆ. ದುಡ್ಡು ತಡವಾದಷ್ಟೂ ಆಯಿಷಾಳ ಕನಸಿಗೆ ನೀರು ನುಗ್ಗುತ್ತದೆ, ಗೋಡೆಯ ಮೇಲೆ ಜೇಡ ಹರಿಯುತ್ತದೆ. ಪಶ್ಚಿಮ ಆಫ್ರಿಕಾದ ಜನರ ಕತೆಗಳಲ್ಲಿ ಮಾಮಿ ವಾಟಾ ಎಂಬ ನೀರಿನ ಮೋಹಿನಿಯೂ ಅನಾನ್ಸಿ ಎಂಬ ಉಪಾಯಗಾರ ಜೇಡನೂ ಇದ್ದಾರಂತೆ. ಅವೆಲ್ಲ ನಮ್ಮ ನಂಬಿಕೆಗೆ ಹೊಂದುವವಲ್ಲ, ಆ ಚರ್ಚೆ ಇಲ್ಲಿ ಬೇಡ. ನನ್ನನ್ನು ಹೆದರಿಸಿದ್ದು ಜೇಡವೂ ಅಲ್ಲ, ನೀರೂ ಅಲ್ಲ. ಅದು 'ಮುಂದಿನ ವಾರ' ಎಂಬ ಮಾತು. ಕೊನೆಗೆ ಏನಾಗುತ್ತದೆ ಎಂದು ಹೇಳುವುದಿಲ್ಲ. ತಡವಾಯಿತು ಎಂದಷ್ಟೇ ಹೇಳುತ್ತೇನೆ.

ಮಗಳು ಇನ್ನೊಂದು ಹಳೆಯ ಸಿನಿಮಾದ ಕತೆ ಹೇಳಿದಳು. 1966ರಲ್ಲಿ ಸೆನೆಗಲ್‌ನವರೇ ಆದ ಉಸ್ಮಾನ್ ಸೆಂಬೆನ್ ಮಾಡಿದ್ದು, 'ಕಪ್ಪು ಹುಡುಗಿ'. ಡಾಕಾರ್‌ನ ಬಡ ಹುಡುಗಿಯನ್ನು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಎಂದು ಹೇಳಿ ಫ್ರಾನ್ಸಿಗೆ ಕರೆದೊಯ್ಯುತ್ತಾರೆ. ಅಲ್ಲಿ ಅಡುಗೆ, ಕಸಮುಸುರೆ, ನಾಲ್ಕು ಗೋಡೆ. ಹುಡುಗಿ ಉಳಿಯುವುದಿಲ್ಲ. ಧಣಿ ಅವಳ ಪೆಟ್ಟಿಗೆಯನ್ನೂ ಬಾಕಿ ಸಂಬಳವನ್ನೂ ಹಿಡಿದು ಡಾಕಾರ್‌ನಲ್ಲಿ ಅವಳ ತಾಯಿಯ ಮನೆ ಹುಡುಕಿಕೊಂಡು ಬರುತ್ತಾನೆ. ತಾಯಿ ಆ ದುಡ್ಡು ಮುಟ್ಟುವುದಿಲ್ಲ.

ಮೊದಲು ನನಗೂ ಸಿಟ್ಟು ಬಂದದ್ದು ಆ ಬಿಳಿಯರ ಮೇಲೆಯೇ. ನಮ್ಮ ಸಿಟ್ಟು ಯಾವಾಗಲೂ ದೂರದವರ ಮೇಲೆ ಬೇಗ ಹತ್ತುತ್ತದೆ. ಗಲ್ಫಿಗೆ ಮನೆಗೆಲಸಕ್ಕೆ ಹೋದ ನಮ್ಮ ನಾಡಿನ ಹೆಂಗಸರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು, ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ ಎಂಬ ಸುದ್ದಿ ಓದಿದಾಗಲೂ ಹಾಗೆಯೇ. ಅರಬರಿಗೆ ದೀನ್ ಗೊತ್ತಿಲ್ಲವೇ ಎಂದು ನಾವೇ ಕೇಳುತ್ತೇವೆ. ಕೇಳುವಾಗ ನಮ್ಮ ಹಿತ್ತಲಲ್ಲಿ ಒಬ್ಬಳು ಪಾತ್ರೆ ತಿಕ್ಕುತ್ತಿರುತ್ತಾಳೆ.

ಬಣ್ಣದ ಮಾತೂ ಅಷ್ಟೇ. ಕರಿಯರು-ಬಿಳಿಯರು ಅಮೆರಿಕದ ಸಮಾಚಾರ, ನಮ್ಮಲ್ಲಿ ಇಲ್ಲ ಎಂದು ನಿಮಗೆ ಅನಿಸಿದರೆ ಒಂದು ಪ್ರಶ್ನೆ. ಮನೆಯಲ್ಲಿ ಕಪ್ಪಗಿರುವ ಮಗುವಿಗೆ 'ಹಬ್ಶಿ' ಎಂದು ಯಾರಾದರೂ ಅಂದದ್ದು ಕೇಳಿಲ್ಲವೇ? ಮದುವೆ ಮನೆಗೆ ಮಾಸಿದ ದುಪಟ್ಟಾ ಹಾಕಿ ಹೊರಟ ಹುಡುಗಿಗೆ 'ಕೆಲಸದವಳ ಹಾಗೆ ಕಾಣ್ತೀ' ಎಂದು ನೀವೇ ಅಂದಿಲ್ಲವೇ? ನಾನು ಅಂದಿದ್ದೇನೆ. ಒಂದು ಮಾತಿನಲ್ಲಿ ಬಣ್ಣ, ಇನ್ನೊಂದರಲ್ಲಿ ಬಡತನ.

ಹಬ್ಶಿ ಎಂದರೆ ಹಬಶ ದೇಶದವನು, ಇಂದಿನ ಇಥಿಯೋಪಿಯಾದ ಕಡೆಯವನು. ಬಳ್ಳಾರಿಯ ನಾವು ಆದೋನಿಯ ಜಾಮಿಯಾ ಮಸೀದಿಯನ್ನು ಹೆಮ್ಮೆಯಿಂದ ತೋರಿಸುತ್ತೇವೆ. 1953ರ ಅಕ್ಟೋಬರ್ 1ರವರೆಗೆ ಆದೋನಿ ನಮ್ಮ ಜಿಲ್ಲೆಯದೇ ಆಗಿತ್ತು, ಆಮೇಲೆ ಆಂಧ್ರಕ್ಕೆ ಹೋಯಿತು. ಆ ಮಸೀದಿ ಕಟ್ಟಿಸಿದವರು ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಗಳ ಪರವಾಗಿ ಆದೋನಿಯನ್ನು ಆಳಿದ ಸಿದ್ದಿ ಮಸೂದ್ ಖಾನ್. ಸಿದ್ದಿ, ಅಂದರೆ ಹಬ್ಶಿ. ಅಹ್ಮದ್‌ನಗರವನ್ನು ಮೊಗಲರಿಂದ ಕಾಪಾಡಿದ ಮಲಿಕ್ ಅಂಬರ್ ಕೂಡ ಆಫ್ರಿಕಾದಿಂದ ಗುಲಾಮನಾಗಿ ಮಾರಾಟವಾಗಿ ಬಂದವನೇ. ಅವರ ಮಸೀದಿಯಲ್ಲಿ ನಮಾಝ್ ಮಾಡಿ ಬಂದು ಮನೆಯಲ್ಲಿ ಮಗುವಿಗೆ ಹಬ್ಶಿ ಎಂದು ಬೈಯುತ್ತೇವೆ.

ಸಿದ್ದಿಗಳಲ್ಲಿ ಎಲ್ಲರೂ ನವಾಬರಾಗಲಿಲ್ಲ. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕಾದ ಜನರು ಅಲ್ಲಿಯ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡಿದರು, ಮಕ್ಕಳನ್ನು ಎತ್ತಿ ಆಡಿಸಿದರು, ಪಲ್ಲಕ್ಕಿ ಹೊತ್ತರು. ಸಹಿಸಲಾಗದೆ ಎಷ್ಟೋ ಮಂದಿ ಘಟ್ಟದ ಕಾಡಿಗೆ ಓಡಿಬಂದರು. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇಂದು ಇರುವ ಸಿದ್ದಿಗಳು ಬಹುಪಾಲು ಅಂಥವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಮುಸ್ಲಿಮರು ಹಳಿಯಾಳ ಕಡೆ ಹೆಚ್ಚು. 2003ರಲ್ಲಿ ಆ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅಲ್ಲಿಯ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಸಿನಿಮಾದ ಆಯಿಷಾ ದುಡಿಯುವ ಅದೇ ನ್ಯೂಯಾರ್ಕ್. ಕನ್ನಡ ಮಾತಾಡುವ ಆ ಅಕ್ಕತಂಗಿಯರನ್ನು ಬಸ್ಸಿನಲ್ಲಿ ಕಂಡರೆ ನಾವು ಯಾವ ದೇಶದವರು ಎಂದು ಕೇಳುತ್ತೇವೆ.

ಈಗ ನನ್ನ ಮನೆಗೆ ಬರೋಣ. ಇಷ್ಟು ಹೊತ್ತು ಊರೂರು ಸುತ್ತಿದ್ದು ಅಲ್ಲಿಗೆ ಬರಲು ಹಿಂಜರಿಕೆಯಿಂದಲೇ ಇರಬೇಕು.

ಬೆಳಿಗ್ಗೆ ಏಳಕ್ಕೆ ನಮ್ಮ ಪಾರ್ವತಿನಗರದ ಯಾವುದೇ ತಿರುವಿನಲ್ಲಿ ನಿಂತು ನೋಡಿ. ಕೈಯಲ್ಲೊಂದು ಚೀಲ ಹಿಡಿದ ಹೆಂಗಸರು ಬಿರಬಿರನೆ ಬರುತ್ತಿರುತ್ತಾರೆ. ಒಬ್ಬೊಬ್ಬರಿಗೆ ಮೂರು ಮನೆ, ನಾಲ್ಕು ಮನೆ. ಬಳ್ಳಾರಿಯ ಬಿಸಿಲೇರುವ ಮುಂಚೆ ಅರ್ಧ ಕೆಲಸವಾದರೂ ಆಗಬೇಕು. ಮಧ್ಯಾಹ್ನ ಮನೆಗೆ ಹೋಗಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಲು ಕೂರುವವರೂ ಇದ್ದಾರೆ. ನಮ್ಮ ಮನೆಗೆ ಬರುವಾಕೆ ಕೌಲ್ ಬಜಾರ್ ಕಡೆಯವಳು. ನನ್ನ ಮಕ್ಕಳು ಚಿಕ್ಕವರಿದ್ದಾಗಿನಿಂದ ಖಾಲಾ ಎನ್ನುತ್ತಾರೆ, ಹಾಗಾಗಿ ನಮಗೆಲ್ಲರಿಗೂ ಅವಳು ಖಾಲಾ. ಒಂಬತ್ತು ವರ್ಷವಾಯಿತು. ಖಾಲಾ ಎಂದರೆ ತಾಯಿಯ ಒಡಹುಟ್ಟಿದವಳು, ಆಕೆಗೆ ತಾಯಿಯ ಸ್ಥಾನ ಎಂದು ಪ್ರವಾದಿ(ಸ) ಹೇಳಿದ್ದನ್ನು ನಾನೇ ಪಾಠ ಮಾಡುತ್ತೇನೆ.

ಸಿನಿಮಾ ಮುಗಿದ ಮೇಲೆ ಮಗಳು ಲ್ಯಾಪ್‌ಟಾಪ್ ಮುಚ್ಚಿ ಕೇಳಿದಳು: "ಅಮ್ಮೀ, ಖಾಲಾಳ ಮೊಮ್ಮಗನ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಮಗಳು ತೀರಿಕೊಂಡ ಮೇಲೆ ಖಾಲಾಳೇ ಆ ಹುಡುಗನನ್ನು ಸಾಕುತ್ತಿದ್ದಾಳೆ ಎಂಬುದು ಗೊತ್ತಿತ್ತು. ಕೆಲವೊಮ್ಮೆ ಅವನಿಗೆ ಜ್ವರ ಎಂದು ರಜೆ ಹಾಕಿದ್ದಕ್ಕೆ ಮುಖ ಸಿಂಡರಿಸಿದ್ದೂ ನೆನಪಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಅಮೆರಿಕದ ಸಿನಿಮಾದ ಲಮೀನ್‌ನ ಹೆಸರನ್ನು ಒಂದೂವರೆ ಗಂಟೆಯಲ್ಲಿ ಕಲಿತೆ, ನನ್ನ ಹಿತ್ತಲಿಗೆ ಒಂಬತ್ತು ವರ್ಷದಿಂದ ಬರುವವಳ ಮೊಮ್ಮಗನ ಹೆಸರು ಕಲಿತಿರಲಿಲ್ಲ.

ನೀರು ಕುಡಿಯಲೆಂದು ಅಡುಗೆ ಮನೆಗೆ ಹೋದೆ. ಮೇಲಿನ ಹಲಗೆಯ ಮೂಲೆಯಲ್ಲಿ ಒಂದು ಸ್ಟೀಲ್ ಲೋಟ, ಅಂಚು ಸ್ವಲ್ಪ ನೆಗ್ಗಿದ್ದು. ಪಕ್ಕದಲ್ಲಿ ಒಂದು ತಟ್ಟೆ. ಅವು ಖಾಲಾಳವು. ಯಾರು ಬೇರೆ ಇಟ್ಟರು, ಯಾವಾಗ ಇಟ್ಟರು ನೆನಪಿಲ್ಲ. ನಾನೇ ಇರಬೇಕು. ಜಾತಿ, ಮುಟ್ಟು-ಮೈಲಿಗೆ ನಮ್ಮಲ್ಲಿಲ್ಲ ಎಂದು ಸಭೆಗಳಲ್ಲಿ ಹೇಳುವವಳು ನಾನು.

ಅಬೂದರ್ರ್(ರ) ಅವರ ಹದೀಸನ್ನು ನಾನು ಮದ್ರಸದ ಹುಡುಗಿಯರಿಗೆ ವರ್ಷವೂ ಕಲಿಸುತ್ತೇನೆ. ರಬಝಾ ಎಂಬಲ್ಲಿ ಒಬ್ಬರು ಅವರನ್ನು ಭೇಟಿಯಾದಾಗ ಅವರೂ ಅವರ ಸೇವಕನೂ ಒಂದೇ ಬಗೆಯ ಉಡುಪು ತೊಟ್ಟಿದ್ದರು. ಕಾರಣ ಕೇಳಿದಾಗ ಅವರು ತಮ್ಮದೇ ತಪ್ಪನ್ನು ಹೇಳಿಕೊಂಡರು. ಹಿಂದೆ ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದ್ದೆ, ಆಗ ಪ್ರವಾದಿಯವರು(ಸ) ನಿನ್ನಲ್ಲಿನ್ನೂ ಅಜ್ಞಾನಕಾಲದ ಗುಣವಿದೆ ಎಂದು ಗದರಿಸಿದರು, ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನು ಅವರಿಗೆ ಉಣಿಸಿ, ನೀವು ಉಡುವುದನ್ನು ಉಡಿಸಿ, ಶಕ್ತಿಮೀರಿದ ಕೆಲಸ ಹೇರಬೇಡಿ, ಹೇರಿದರೆ ನೀವೂ ಕೈಜೋಡಿಸಿ ಎಂದು ಬೋಧಿಸಿದರು ಎಂದು. ಹೀಯಾಳಿಕೆಗೆ ಗುರಿಯಾದವರ ಹೆಸರು ಬುಖಾರಿಯ ಆ ವರದಿಯಲ್ಲಿಲ್ಲ. ವ್ಯಾಖ್ಯಾನಕಾರರು ಅದು ಹಝ್ರತ್ ಬಿಲಾಲ್(ರ) ಎನ್ನುತ್ತಾರೆ, ಕರಿಯ ತಾಯಿಯ ಮಗ ಎಂದಿದ್ದರಂತೆ. ಬಣ್ಣದ ಬೈಗುಳಕ್ಕೆ ಉತ್ತರವಾಗಿ ಊಟದ ಮಾತು, ಬಟ್ಟೆಯ ಮಾತು, ಕೆಲಸದ ಹೊರೆಯ ಮಾತು ಬಂತು ಎಂಬುದನ್ನು ಇಷ್ಟು ವರ್ಷ ಪಾಠ ಮಾಡಿಯೂ ನಾನು ಗಮನಿಸಿರಲಿಲ್ಲ.

ಇನ್ನು ಉಮ್ಮು ಐಮನ್(ರ). ಹಬಶದ ದಾಸಿ, ಬರಕಾ ಎಂದು ಹೆಸರು. ಅಬ್‌ವಾದಲ್ಲಿ ತಾಯಿ ಆಮಿನಾ ತೀರಿಕೊಂಡಾಗ ಆರು ವರ್ಷದ ಅನಾಥ ಬಾಲಕನನ್ನು ಮರುಭೂಮಿ ದಾಟಿಸಿ ಮಕ್ಕಾಕ್ಕೆ ಕರೆತಂದದ್ದು ಆಕೆ. ಇಂದಿನ ಮಾತಿನಲ್ಲಿ ಆಕೆಯೂ ಆಯಾ. ಪ್ರವಾದಿಯವರು(ಸ) ದೊಡ್ಡವರಾಗಿ ಆಕೆಯನ್ನು ಬಿಡುಗಡೆಗೊಳಿಸಿದರು, ತಾಯಿಯ ನಂತರದ ತಾಯಿ ಎಂದು ಗೌರವಿಸಿದರು. ಅವರು ತೀರಿಹೋದ ಮೇಲೆ ಅಬೂಬಕರ್(ರ), ಉಮರ್(ರ) ಇಬ್ಬರೂ ಆಕೆಯ ಮನೆಗೆ ನಡೆದುಹೋಗಿ ಯೋಗಕ್ಷೇಮ ವಿಚಾರಿಸಿದರು.

ಮರುದಿನ ನಾನು ಏನು ಮಾಡಿದೆ ಗೊತ್ತೇ? ನೀವು ನಗಬಹುದು. ಆ ನೆಗ್ಗಿದ ಲೋಟವನ್ನು ಗುಜರಿ ಚೀಲಕ್ಕೆ ಹಾಕಿದೆ. ಒಗ್ಗರಣೆ ಮಂಡಕ್ಕಿ ಮಾಡಿ, ಅತಿಥಿಗಳ ಕಪ್ಪಿನಲ್ಲಿ ಚಹಾ ಹಾಕಿ ಮೇಜಿನ ಮೇಲಿಟ್ಟೆ. "ಬಾ ಖಾಲಾ, ಕುರ್ಚಿಯ ಮೇಲೆ ಕೂತ್ಕೋ" ಎಂದೆ. ಅವಳು ಬಾಗಿಲಲ್ಲೇ ನಿಂತಳು. ಏನೋ ತಪ್ಪಾಗಿದೆ, ಕೆಲಸ ಬಿಡಿಸುತ್ತಾರೆ ಎಂದು ಹೆದರಿದ್ದಳಂತೆ, ಆಮೇಲೆ ಹೇಳಿದಳು. ಒತ್ತಾಯಕ್ಕೆ ಕುರ್ಚಿಯ ತುದಿಯಲ್ಲಿ ಕುಳಿತು ಒಂದು ಗುಟುಕು ಕುಡಿದಳು. ಮೊಮ್ಮಗನ ಹೆಸರು ಕೇಳಿದೆ. ಹೇಳಿದಳು. ಪತ್ರಿಕೆಯಲ್ಲಿ ಬರೆಯಬೇಡಿ ಎಂದಿದ್ದಾಳೆ, ಬರೆಯುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಪ್ ಕೆಳಗಿಟ್ಟು ಹೇಳಿದಳು. ನಾವು ಮಾತಾಡುವುದು ದಖನಿಯಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಆಪಾ, ಸಿಟ್ಟಾಗಬ್ಯಾಡ್ರಿ. ನನಗ ಕುರ್ಚಿ ಬ್ಯಾಡ. ಲೋಟ ಯಾವುದಾದ್ರೇನು, ಚಹಾ ಚಹಾನೇ. ತಿಂಗಳ ಒಂದನೇ ತಾರೀಖಿಗೆ ರೊಕ್ಕ ಕೊಡ್ರಿ. ಅಷ್ಟಾದ್ರ ಸಾಕು."

ಸಹೋದರಿಯರೇ, ನಾನು ಅವಳ ಸಂಬಳ ತಿಂದವಳಲ್ಲ. ಒಂದು ಪೈಸೆ ಬಾಕಿ ಇಟ್ಟಿಲ್ಲ. ಆದರೆ ಐದಕ್ಕೆ ಎಂದು ಎಂಟಕ್ಕೆ, ಎಂಟಕ್ಕೆ ಎಂದು ಹನ್ನೆರಡಕ್ಕೆ ಕೊಟ್ಟಿದ್ದೇನೆ. ಎರಡು ಕಂತು ಮಾಡಿ ಕೊಟ್ಟಿದ್ದೇನೆ. ನಾನು ಪಾಠ ಮಾಡುವ ಕಡೆ ನನ್ನ ಸಂಬಳವೇ ತಡವಾಗುತ್ತದೆ ಎಂಬುದು ನನ್ನ ನೆವ. ಖಾಲಾ ನಮ್ಮವಳೇ, ಅರ್ಥ ಮಾಡಿಕೊಳ್ಳುತ್ತಾಳೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ನನಗೆ ಕಂಠಪಾಠ. ಹಾಲಿನವನಿಗೆ, ಕೇಬಲ್‌ನವನಿಗೆ, ಕರೆಂಟ್ ಬಿಲ್ಲಿಗೆ ಒಂದು ದಿನ ತಡ ಮಾಡಿದವಳಲ್ಲ. ಅವರು ನಮ್ಮವರಲ್ಲ, ಬಿಡುವುದಿಲ್ಲ. ಖಾಲಾ ನಮ್ಮವಳು, ಅದಕ್ಕೇ ಕಾಯಿಸಬಹುದು. ಸಿನಿಮಾದ ಆ ಒಡತಿ ಉಡುಪು ಕೊಟ್ಟಳು, ಕೋಣೆ ಕೊಟ್ಟಳು, ದುಡ್ಡು ಕೊಡಲಿಲ್ಲ. ನಾನು ಖಾಲಾ ಎಂಬ ಹೆಸರು ಕೊಟ್ಟೆ, ಈದ್‌ಗೆ ಸೀರೆ ಕೊಟ್ಟೆ, ಈಗ ಕುರ್ಚಿಯನ್ನೂ ಕೊಟ್ಟೆ.

ಹನ್ನೆರಡು ದಿನ ತಡವಾದರೆ ಏನಾಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವಳೇ ಹೇಳಿದಳು. ಮೊಮ್ಮಗನಿಗೆ ಬೋರ್ಡ್ ಕಾಣುವುದಿಲ್ಲ, ಚಷ್ಮಾ ಮಾಡಿಸಿ ಎಂದು ಶಾಲೆಯಲ್ಲಿ ಹೇಳಿ ಮೂರು ತಿಂಗಳಾಗಿತ್ತು. ನನ್ನ ದುಡ್ಡು ಬಂದಾಗ ಬಾಡಿಗೆಯವನು ಬಾಗಿಲಲ್ಲಿ ನಿಂತಿರುತ್ತಿದ್ದ. ಮನೆ ಬಾಡಿಗೆಗೆ ಹೋದರೆ ಚಷ್ಮಾಕ್ಕೆ ಉಳಿಯುತ್ತಿರಲಿಲ್ಲ. ಹುಡುಗ ಪಕ್ಕದವನ ಪುಸ್ತಕ ನೋಡಿ ಬರೆದ, ನಕಲು ಮಾಡುತ್ತಾನೆಂದು ಏಟು ತಿಂದ. ಈಗ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ನಾನು ಶಿಕ್ಷಕಿ. ಬೋರ್ಡ್ ಕಾಣದ ಮಗು ಹೇಗೆ ಕೂರುತ್ತದೆ, ಕಣ್ಣು ಕಿರಿದು ಮಾಡಿ ಹೇಗೆ ಕತ್ತು ಚಾಚುತ್ತದೆ ಎಂದು ತರಗತಿಯಲ್ಲಿ ದಿನವೂ ನೋಡುವವಳು.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ. ಕರ್ನಾಟಕ ಸರಕಾರ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ್ದು 2004ರಲ್ಲಿ, ದೇಶದ ಎಷ್ಟೋ ರಾಜ್ಯಗಳಿಗಿಂತ ಮೊದಲು. ಮನೆಗೆಲಸವೂ ಒಂದು ಉದ್ಯೋಗ, ಅದಕ್ಕೂ ವಾರದ ರಜೆ, ಹೊತ್ತಿನ ಮಿತಿ ಇರಬೇಕೆಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 2011ರಲ್ಲಿ ಜಿನೀವಾದಲ್ಲಿ ನಮ್ಮ ದೇಶವೂ ಮತ ಹಾಕಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ, ಮನೆಗೆಲಸದಾಕೆಯೂ ಅದರ ರಕ್ಷಣೆಯಲ್ಲಿದ್ದಾಳೆ. ಈ ಒಂದು ವಿಷಯವನ್ನು ನಿಮ್ಮ ಮನೆಗೆ ಬರುವಾಕೆಗೆ ತಿಳಿಸಿ, ಅವಳಿಗೆ ಗೊತ್ತಿರುವುದಿಲ್ಲ. ಉಳಿದಂತೆ ಒಂದನೇ ತಾರೀಖಿಗೆ ದುಡ್ಡು ಕೊಟ್ಟೆಯಾ ಎಂದು ಕೇಳಲು ಪಾರ್ವತಿನಗರದ ಅಡುಗೆ ಮನೆಗೆ ಯಾವ ಅಧಿಕಾರಿಯೂ ಬರುವುದಿಲ್ಲ.

ಈ ತಿಂಗಳೂ ನನ್ನ ಸಂಬಳ ಬಂದಿಲ್ಲ. ಮೂವತ್ತನೇ ತಾರೀಖು ರಾತ್ರಿ ನಮ್ಮ ಯಜಮಾನರ ಹತ್ತಿರ ಸಾಲ ಕೇಳಿದೆ. "ಎಂಟಕ್ಕೆ ಕೊಟ್ಟರಾಗದೇ?" ಎಂದರು. ಪಾಪ, ಅದು ನಾನೇ ಕಲಿಸಿದ ಮಾತು. ಒಂದನೇ ತಾರೀಖು ಬೆಳಿಗ್ಗೆ ಖಾಲಾ ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ದುಡ್ಡು ಕೈಗಿಟ್ಟೆ. ಅವಳು ಎಣಿಸಿದಳು. ಒಂಬತ್ತು ವರ್ಷದಲ್ಲಿ ನನ್ನೆದುರು ಎಂದೂ ಎಣಿಸಿರಲಿಲ್ಲ. ಎರಡು ಸಲ ಎಣಿಸಿ, ಬಟ್ವಾದಲ್ಲಿಟ್ಟು ದಾರ ಎಳೆದಳು.

"ನಾಳೆ ಬರಲ್ಲ ಆಪಾ" ಎಂದಳು. "ಚಷ್ಮಾದಂಗಡಿಗೆ ಹೋಗಬೇಕು."